ಮಕರಮುಖದ ಬ್ರಿಕ್ ಡ್ರ್ಯಾಗನ್: ಕತ್ತು ಜೋಲುತ್ತದೆ, ರೆಕ್ಕೆ ನಿಲ್ಲುವುದಿಲ್ಲ, ಪಕ್ಕೆಯಲ್ಲಿ ಸಂದು ಉಳಿಯುತ್ತದೆ

ಗಿರಿತಪ್ಪಲು, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ಆಟಿಕೆ ಬ್ರಿಕ್‌ಗಳಿಂದ ನನ್ನದೇ ವಿನ್ಯಾಸದ ಡ್ರ್ಯಾಗನ್ ಒಂದನ್ನು ಕಟ್ಟುತ್ತಿದ್ದೇನೆ. ತಲೆಗೆ ಯಾವ ಪೆಟ್ಟಿಗೆಯ ಕೈಪಿಡಿಯನ್ನೂ ನೋಡಿಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಪಟ್ಟಿಕೆಗಳಲ್ಲಿ ಸಾಲಾಗಿ ನಿಂತಿರುವ ಮಕರಗಳನ್ನು ನೋಡಿಕೊಂಡು, ಮೇಲಕ್ಕೆ ಸುರುಳಿಯಾದ ಮೂತಿ, ಅಗಲವಾಗಿ ತೆರೆದ ಬಾಯಿ ಮತ್ತು ಉಬ್ಬಿದ ಕಣ್ಣುಗಳನ್ನು ರೂಪಿಸಿದ್ದೇನೆ. ನಾಲ್ಕು ಕಾಲು, ಎರಡು ರೆಕ್ಕೆ ಮತ್ತು ಉದ್ದನೆಯ ಬಾಲ ಮಾತ್ರ ಪಾಶ್ಚಾತ್ಯ ಡ್ರ್ಯಾಗನ್ನಿನವು. ನವರಾತ್ರಿಯಲ್ಲಿ ಗೊಂಬೆ ಕೂರಿಸುವಾಗ ಕೆಳಗಿನ ಮೆಟ್ಟಿಲಿನ ಮೇಲೆ ಇದನ್ನೂ ಇಡಬೇಕೆಂದು ಮಗಳು ಹಟ ಹಿಡಿದಿದ್ದಾಳೆ. ಆ ಮೆಟ್ಟಿಲಿನ ಅಗಲ 30 ಸೆಂ.ಮೀ.

ತೊಂದರೆಗಳು ಮೂರು. ಬಟ್ಟಲಿನೊಳಗೆ ಗುಂಡು ತಿರುಗುವ ಸಣ್ಣ ಬಾಲ್ ಜಾಯಿಂಟ್ ಕೀಲುಗಳನ್ನು ಒಂದರ ಹಿಂದೊಂದು ಪೋಣಿಸಿ 28 ಸೆಂ.ಮೀ. ಉದ್ದದ ಕತ್ತನ್ನು ಮಾಡಿದ್ದೇನೆ. ಸಂಜೆ ಎತ್ತಿ ನಿಲ್ಲಿಸಿದ ತಲೆ ಬೆಳಗಾಗುವಷ್ಟರಲ್ಲಿ ನೆಲ ಮುಟ್ಟಿರುತ್ತದೆ. ಬಿಚ್ಚಿದ ರೆಕ್ಕೆಗಳು ಅಷ್ಟು ಹೊತ್ತೂ ತಡೆಯದೆ, ಕೈಬಿಟ್ಟ ಕೂಡಲೇ ಪಕ್ಕೆಗೆ ಬಂದು ಬೀಳುತ್ತವೆ. ಮೂರನೆಯದು, ಪಕ್ಕೆಯ ಮೇಲೆ ಅಡ್ಡಲಾಗಿ ಹೊದಿಸಿದ ಹುರುಪೆಗಳಿಗೂ ಒಳಗಿನ ಚೌಕಟ್ಟಿಗೂ ನಡುವೆ ಉಗುರು ತೂರುವಷ್ಟು ಸಂದು ಉಳಿದು, ಬೆರಳು ತಾಗಿದಾಗ ಹುರುಪೆಗಳು ಅಲುಗಾಡುತ್ತವೆ. ಮೊದಲಿಗೆ ಕಂಪ್ಯೂಟರಿನಲ್ಲಿ ಬ್ರಿಕ್ ಮಾದರಿ ಕಟ್ಟುವ ಸ್ಟುಡಿಯೊ ತಂತ್ರಾಂಶದಲ್ಲಿ ಇಡೀ ಮಾದರಿಯನ್ನು ಕಟ್ಟಿ ನೋಡಿದ್ದೆ; ಅಲ್ಲಿ ಕತ್ತೂ ರೆಕ್ಕೆಯೂ ಸರಿಯಾಗಿಯೇ ನಿಂತಿದ್ದವು. ತಿಳಿದವರು ದಾರಿ ತೋರಿಸಬೇಕಾಗಿ ವಿನಂತಿ.

ಹದಿನೈದು ತೂತು, ಹಾಸನ

ಮೇಡಂ, ಔಷಧ ಹೇಳುವ ಮೊದಲು ನಾಡಿ ನೋಡಬೇಕಾಗಿದೆ. ತಲೆಯನ್ನು ಬಿಡಿಸಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಅದರ ತೂಕವನ್ನು ತಿಳಿಸಿ. ಕತ್ತಿನ ತೂಕವನ್ನೂ ಒಂದು ರೆಕ್ಕೆಯ ತೂಕವನ್ನೂ ಹಾಗೆಯೇ ಬೇರೆಬೇರೆಯಾಗಿ ನೋಡಿ. ಕತ್ತು ಎತ್ತಿ ನಿಂತಾಗ ಅದರ ಬುಡದಿಂದ ತಲೆಯ ನಡುಭಾಗಕ್ಕೆ ನೆಲಕ್ಕೆ ಸಮಾನಾಂತರವಾಗಿ ಎಷ್ಟು ಅಂತರವಿದೆ ಎಂಬುದನ್ನು ಅಳೆಯಿರಿ. ಕತ್ತಿನ ಉದ್ದ ಇಲ್ಲಿ ಮುಖ್ಯವಲ್ಲ, ಅಡ್ಡ ಅಂತರವೇ ಮುಖ್ಯ. ಕತ್ತು ಬುಡದಲ್ಲಿ ಮಣಿಯುತ್ತಿದೆಯೋ, ನಡುವಿನಲ್ಲಿಯೋ, ತಲೆ ಸೇರುವ ಜಾಗದಲ್ಲಿಯೋ ಎಂಬುದನ್ನೂ ಗಮನಿಸಿ. ರೆಕ್ಕೆಯ ಬುಡದಲ್ಲಿ, ರಂಧ್ರಗಳಿಗೆ ತೂರಿಸಿ ತುಣುಕುಗಳನ್ನು ಕೂಡಿಸಲು, ಯಾವ ಪಿನ್ ಹಾಕಿದ್ದೀರಿ ಎಂಬುದನ್ನು ಹೇಳುವಾಗ ಬಣ್ಣವನ್ನಷ್ಟೇ ಹೇಳಬೇಡಿ. ಪಿನ್ನಿನ ಮೈಮೇಲೆ ಸಣ್ಣ ಉಬ್ಬುಗೆರೆಗಳಿವೆಯೇ, ಇಲ್ಲವೇ ಎಂದು ಬೆಳಕಿಗೆ ಹಿಡಿದು ನೋಡಿ ತಿಳಿಸಿ.

ಹೊಸಬ, ಅರಸೀಕೆರೆ

ಇಷ್ಟೆಲ್ಲ ಅಳೆದು ತೂಗುವುದಕ್ಕಿಂತ, ಬೇಕಾದ ಭಂಗಿಗೆ ಕತ್ತನ್ನು ತಿರುಗಿಸಿ ಜಾಯಿಂಟ್‌ಗಳಿಗೆ ಒಂದೊಂದು ತೊಟ್ಟು ಅಂಟು ಹಾಕಿದರೆ ಆಗದೇ? ಹಬ್ಬ ಮುಗಿಯುವವರೆಗೆ ನಿಂತರೆ ಸಾಕಲ್ಲವೇ?

ಹದಿನೈದು ತೂತು, ಹಾಸನ

ಆಗುವುದಿಲ್ಲವೆಂದಲ್ಲ, ಆದರೆ ಅದು ಪರಿಹಾರವೂ ಅಲ್ಲ. ಈ ಬ್ರಿಕ್‌ಗಳು ಎಬಿಎಸ್ ಪ್ಲಾಸ್ಟಿಕ್ಕಿನವು. ಈ ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುವ ಅಂಟುಗಳು ಮೇಲ್ಮೈಯನ್ನೇ ತಿಂದುಬಿಡುವುದರಿಂದ ಆ ತುಣುಕು ಮತ್ತೆ ಬೇರೆ ಕೆಲಸಕ್ಕೆ ಬರುವುದಿಲ್ಲ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಅಂಟು ಹಾಕಿದ ಕೀಲು ಬಾಗದೆ ನಿಂತರೂ ಹೊರೆ ಎಲ್ಲಿಗೂ ಹೋಗಿರುವುದಿಲ್ಲ. ಕತ್ತು ದೇಹಕ್ಕೆ ಕೂಡುವ ಕಡೆ ಒಂದೆರಡು ಸ್ಟಡ್‌ಗಳ (ಬ್ರಿಕ್ಕಿನ ಮೇಲಿನ ದುಂಡು ಉಬ್ಬುಗಳ) ಹಿಡಿತದ ಮೇಲೆ ಅದೇ ಹೊರೆ ಬಂದು ಕುಳಿತು, ನಿಧಾನವಾಗಿ ಜೋಲುತ್ತಿದ್ದ ತಲೆ ಒಮ್ಮೆಲೇ ಕಿತ್ತುಕೊಂಡು ಕೆಳಗಿನ ಗೊಂಬೆಗಳ ಮೇಲೆ ಬೀಳುತ್ತದೆ.

ಗಿರಿತಪ್ಪಲು, ಚಿಕ್ಕಮಗಳೂರು

ತೂಗಿ ನೋಡಿದೆ. ತಲೆ 110 ಗ್ರಾಂ, ಕತ್ತು 90 ಗ್ರಾಂ, ಒಂದೊಂದು ರೆಕ್ಕೆ 95 ಗ್ರಾಂ ಇವೆ. ಕತ್ತಿನ ಬುಡದಿಂದ ತಲೆಯ ನಡುವಿಗೆ ಅಡ್ಡ ಅಂತರ 22 ಸೆಂ.ಮೀ. ಕತ್ತು ಮೊದಲು ಮಣಿಯುವುದು ಬುಡದ ಕೀಲಿನಲ್ಲಿ. ಮೇಲಿನ ಕೀಲುಗಳು ಬಹುಮಟ್ಟಿಗೆ ಇಟ್ಟಂತೆಯೇ ಇರುತ್ತವೆ. ರೆಕ್ಕೆಯ ಬುಡದ ಪಿನ್‌ಗಳು ಕಪ್ಪು ಬಣ್ಣದವೇ ಆಗಿದ್ದರೂ ಅವುಗಳ ಮೈ ನುಣುಪಾಗಿದೆ, ಉಬ್ಬುಗೆರೆಗಳು ಕಾಣುವುದಿಲ್ಲ. ಇವು ಬೇರೆ ಬೇರೆ ಕಡೆಯಿಂದ ಕೊಂಡ ಬಿಡಿ ತುಣುಕುಗಳ ರಾಶಿಯಲ್ಲಿದ್ದವು.

ಹದಿನೈದು ತೂತು, ಹಾಸನ

ಹಾಗಾದರೆ ರೆಕ್ಕೆಯ ಅರ್ಧ ರೋಗ ಪಿನ್ನಿನಲ್ಲೇ ಸಿಕ್ಕಿತು. ಪಿನ್, ಗೇರುಗಳಿಂದ ಯಂತ್ರದಂಥ ಮಾದರಿ ಕಟ್ಟುವ ಲೆಗೊ ಟೆಕ್ನಿಕ್ ಸರಣಿಯ ಸಾಮಾನ್ಯ ಪಿನ್‌ಗಳಲ್ಲಿ ಕಪ್ಪು ಬಣ್ಣದ್ದು ಉಬ್ಬುಗೆರೆಗಳಿರುವ ಬಿಗಿಯಾದ ಪಿನ್, ತಿಳಿಬೂದು ಬಣ್ಣದ್ದು ಸಲೀಸಾಗಿ ತಿರುಗುವ ನುಣುಪು ಪಿನ್. ಆದರೆ ಹಲವು ತಯಾರಕರ ತುಣುಕುಗಳು ಬೆರೆತಿರುವ ರಾಶಿಯಲ್ಲಿ ಬಣ್ಣವನ್ನು ನಂಬುವಂತಿಲ್ಲ. ಚಕ್ರಕ್ಕೆ ಹಾಕಬೇಕಾದ ಪಿನ್ ನಿಮ್ಮ ಡ್ರ್ಯಾಗನ್ನಿನ ಹೆಗಲಿಗೆ ಬಂದಿದೆ.

ಇನ್ನು ಕತ್ತಿನ ವಿಷಯ. ತೂಕವನ್ನು ಅಡ್ಡ ಅಂತರದಿಂದ ಗುಣಿಸಿದರೆ ಕೀಲನ್ನು ತಿರುಗಿಸಲು ಹೊರಟಿರುವ ಬಲ, ಅಂದರೆ ಟಾರ್ಕ್ ಎಷ್ಟೆಂಬುದು ತಿಳಿಯುತ್ತದೆ. ತಲೆಯದು 110 ಗುಣಿಸು 22, ಅಂದರೆ 2420. ಕತ್ತಿನ ತೂಕ ಅದರ ನಡುವಿನಲ್ಲಿದೆ ಎಂದುಕೊಂಡರೆ 90 ಗುಣಿಸು 11, ಅಂದರೆ 990. ಎರಡೂ ಸೇರಿ 3410 ಗ್ರಾಂ-ಸೆಂಟಿಮೀಟರ್ ಬುಡದ ಒಂದೇ ಒಂದು ಸಣ್ಣ ಬಾಲ್ ಜಾಯಿಂಟ್‌ನ ಮೇಲಿದೆ. ಸುಮಾರು 6 ಮಿ.ಮೀ. ವ್ಯಾಸದ ಆ ಗುಂಡು ಬಟ್ಟಲಿನ ಗೋಡೆಯನ್ನು ಉಜ್ಜುವ ಘರ್ಷಣೆಯಿಂದ ಮಾತ್ರ ನಿಲ್ಲಬೇಕು; ಹಿಡಿದುಕೊಳ್ಳಲು ಅದಕ್ಕೆ ಹಲ್ಲಿಲ್ಲ, ಕೊಕ್ಕೆಯಿಲ್ಲ. 2014ರಲ್ಲಿ ಮಿಕ್ಸೆಲ್ಸ್ ಎಂಬ ಅಂಗೈಯಗಲದ ಬೊಂಬೆಗಳೊಂದಿಗೆ ಬಂದ ಕೀಲು ಇದು. ಆ ಬೊಂಬೆಗಳ ಕೈಕಾಲಿಗೆ ಸಾಕಾಗಿದ್ದ ಹಿಡಿತವನ್ನು ಇಷ್ಟು ಉದ್ದದ ಕತ್ತಿಗೆ ಕೇಳುವುದು ನ್ಯಾಯವಲ್ಲ. ಕೂಡಲೇ ಬೀಳದೆ ರಾತ್ರಿಯಿಡೀ ಜಾರುವುದಕ್ಕೂ ಕಾರಣವಿದೆ: ಸತತ ಹೊರೆಯ ಕೆಳಗೆ ಪ್ಲಾಸ್ಟಿಕ್ ನಿಧಾನವಾಗಿ ಮಣಿಯುತ್ತದೆ, ಬಟ್ಟಲಿನ ಬಾಯಿ ಕೂದಲೆಳೆಯಷ್ಟು ಅಗಲವಾದರೂ ಘರ್ಷಣೆ ಕುಗ್ಗುತ್ತದೆ.

ಆದ್ದರಿಂದ ಕತ್ತನ್ನು ಮೂರು ಭಾಗಗಳಾಗಿ ಯೋಚಿಸಿ. ಬುಡದ ಭಾಗಕ್ಕೆ ಕೀಲೇ ಬೇಡ. ಅಲ್ಲಿ ಟೆಕ್ನಿಕ್ ತೋಳುಗಳಿಂದ, ಅಂದರೆ ಉದ್ದಕ್ಕೂ ರಂಧ್ರಗಳಿರುವ ಪಟ್ಟಿಗಳಿಂದ, ಒಂದು ಲಂಬಕೋನ ತ್ರಿಭುಜವನ್ನು ಕಟ್ಟಿ. ಶಾಲೆಯಲ್ಲಿ ಓದಿದ 3-4-5ರ ಪೈಥಾಗೊರಸ್ ತ್ರಿಭುಜವನ್ನು ಇಮ್ಮಡಿಸಿದರೆ 6-8-10 ಆಗುತ್ತದೆ. ತೋಳಿನಲ್ಲಿ ಎಣಿಸಬೇಕಾದದ್ದು ರಂಧ್ರಗಳ ನಡುವಿನ ಅಂತರಗಳನ್ನು. ಆದ್ದರಿಂದ 7, 9 ಮತ್ತು 11 ರಂಧ್ರಗಳ ತೋಳುಗಳು ಬೇಕು. ತೋಳುಗಳು ಹೆಚ್ಚಾಗಿ ಬೆಸ ಸಂಖ್ಯೆಯ ರಂಧ್ರಗಳಲ್ಲೇ ಸಿಗುವುದರಿಂದ ಈ ಮೂರೂ ಸುಲಭವಾಗಿ ದೊರೆಯುತ್ತವೆ. 7 ರಂಧ್ರದ್ದನ್ನು ದೇಹದೊಳಗೆ ಅಡ್ಡಲಾಗಿ ಮಲಗಿಸಿ, 9 ರಂಧ್ರದ್ದನ್ನು ಎದೆಯ ಮುಂಭಾಗದಲ್ಲಿ ನೆಟ್ಟಗೆ ನಿಲ್ಲಿಸಿ, 11 ರಂಧ್ರದ್ದನ್ನು ಬೆನ್ನಿನಿಂದ ಆ ಕಂಬದ ತುದಿಗೆ ಓರೆಯಾಗಿ ಕೂಡಿಸಿ. ಆ ಓರೆ ತೋಳೇ ಕತ್ತಿನ ಬುಡ. ಅದು ನೆಲಕ್ಕೆ ಸುಮಾರು 53 ಡಿಗ್ರಿ ಓರೆಯಲ್ಲಿ ನಿಂತು, 64 ಮಿ.ಮೀ. ಮೇಲೇರಿ, 48 ಮಿ.ಮೀ. ಮುಂದೆ ಚಾಚುತ್ತದೆ. ಪಿನ್ ಸಡಿಲವಾಗಿದ್ದರೂ ತ್ರಿಭುಜ ತನ್ನ ಆಕಾರವನ್ನು ಬಿಟ್ಟುಕೊಡುವುದಿಲ್ಲ. ಬಾಗಬೇಕಾದರೆ ತೋಳೇ ಮುರಿಯಬೇಕು. ಇಂಥ ಎರಡು ತ್ರಿಭುಜಗಳನ್ನು ಎಡಬಲಕ್ಕೆ ಇಟ್ಟು ನಡುವೆ ಆಕ್ಸಲ್ ಎಂಬ ಕಡ್ಡಿಗಳಿಂದ ಕೂಡಿಸಿದರೆ ಪಕ್ಕಕ್ಕೆ ತಿರುಚುವುದೂ ನಿಲ್ಲುತ್ತದೆ.

ಇದರ ಮೇಲಿನ ಭಾಗಕ್ಕೆ ಕಟಕಟ ಎಂದು ಹಲ್ಲು ಕಚ್ಚುವ ಹಿಂಜ್‌ಗಳನ್ನು ಹಾಕಿ. ಬೆರಳು ಬೆರಳು ಸೇರುವ ಮಾದರಿಯ ಹಿಂಜ್‌ಗಳು 22.5 ಡಿಗ್ರಿಗೊಮ್ಮೆ ಕಚ್ಚಿ ನಿಲ್ಲುತ್ತವೆ. ನಿಮಗೆ ಬೇಕಾದ ನಿಖರ ಕೋನ ಸಿಗದೆ ಹೋಗಬಹುದು, ಆದರೆ ಸಿಕ್ಕ ಕೋನ ಅಲ್ಲಿಯೇ ಉಳಿಯುತ್ತದೆ. ಟೆಕ್ನಿಕ್‌ನಲ್ಲಿ ಮೂರು ರಂಧ್ರದ ತೋಳಿಗೆ ಹಲ್ಲಿನ ತಟ್ಟೆ ಅಂಟಿಕೊಂಡಿರುವ ಜೋಡಿ ತುಣುಕುಗಳಿವೆ, 44224 ಮತ್ತು 44225 ಎಂಬ ಸಂಖ್ಯೆಯವು. ಹೊರೆ ಹೊರುವುದರಲ್ಲಿ ಅವು ಇನ್ನೂ ಗಟ್ಟಿ. ತಲೆಗೆ ಹತ್ತಿರದ ಕೊನೆಯ ಭಾಗದಲ್ಲಿ ಮಾತ್ರ ನಿಮ್ಮ ಬಾಲ್ ಜಾಯಿಂಟ್‌ಗಳು ಇರಲಿ. ಅಲ್ಲಿ ತಲೆಯ ಅಡ್ಡ ಅಂತರ ನಾಲ್ಕೈದು ಸೆಂಟಿಮೀಟರಿಗಿಂತ ಹೆಚ್ಚಿರದ ಕಾರಣ ಅವು ಧಾರಾಳವಾಗಿ ತಾಳುತ್ತವೆ. ಅಲ್ಲಿಯೂ ಅನುಮಾನವಿದ್ದರೆ ಎರಡು ಜಾಯಿಂಟ್‌ಗಳನ್ನು ಅಕ್ಕಪಕ್ಕ ಇಡಿ; ತಲೆ ಪಕ್ಕಕ್ಕೆ ತಿರುಗುವುದು ತಪ್ಪುತ್ತದೆ, ಆದರೆ ಮೇಲೆ ಕೆಳಗೆ ಆಡುವ ದಿಕ್ಕಿನಲ್ಲಿ ಹಿಡಿತ ಇಮ್ಮಡಿಯಾಗುತ್ತದೆ.

ಒಟ್ಟಿನಲ್ಲಿ ಹೊರೆಯನ್ನೆಲ್ಲ ಒಳಗಿನ ಎಲುಬುಗೂಡು ಹೊರಬೇಕು, ಹೊರಗಿನ ಹುರುಪೆಗಳು ತಮ್ಮ ತೂಕವನ್ನಲ್ಲದೆ ಬೇರೇನನ್ನೂ ಹೊರಬಾರದು. ನಿಮ್ಮ ಮಾದರಿಯಲ್ಲಿ ಕತ್ತಿನ ಹುರುಪೆಗಳೇ ಕತ್ತನ್ನು ಎಳೆದು ಹಿಡಿದಿವೆಯೇನೋ ಎಂಬ ಅನುಮಾನ ನನಗಿದೆ.

ಬಳಪದ ಕಲ್ಲು, ಬೇಲೂರು

ಎಲುಬುಗೂಡಿನ ಮಾತು ಸರಿಯಾಗಿದೆ. ನಾನು ತಲೆಯ ಬಗ್ಗೆ ಹೇಳುತ್ತೇನೆ. ಹಳೇಬೀಡಿನ ಮಕರ ಗೋಡೆಗೆ ಅಂಟಿಕೊಂಡೇ ಹುಟ್ಟಿದ್ದು. ಅದರ ಸುರುಳಿ ಮೂತಿ ಎಷ್ಟು ದಪ್ಪವಾಗಿದ್ದರೂ ಹಿಂದಿನ ಕಲ್ಲು ಅದನ್ನು ಹೊತ್ತಿರುತ್ತದೆ, ಕತ್ತು ಹೊರಬೇಕಾಗಿಲ್ಲ. ಅದೇ ಮೂತಿಯನ್ನು ಗೋಡೆಯಿಂದ ಬಿಡಿಸಿ ಗಾಳಿಯಲ್ಲಿ ನಿಲ್ಲಿಸಹೊರಟಾಗ ಆಕಾರವನ್ನು ಉಳಿಸಿಕೊಂಡು ತೂಕವನ್ನು ಬಿಡುವುದು ನಮ್ಮ ಕೆಲಸವಾಗುತ್ತದೆ. ಎರಡು ಸ್ಟಡ್ ಅಗಲ, ನಾಲ್ಕು ಸ್ಟಡ್ ಉದ್ದದ ಸಾಧಾರಣ ಬ್ರಿಕ್ ಒಂದರ ತೂಕ ಸುಮಾರು 2.3 ಗ್ರಾಂ. ತಮ್ಮ ತಲೆ ಅಂಥ 47 ಬ್ರಿಕ್‌ಗಳಿಗೆ ಸಮನಾಗಿದೆ, ಅಂದರೆ ಒಳಗೆ ಟೊಳ್ಳು ಬಿಟ್ಟಿಲ್ಲವೆಂದೇ ಅರ್ಥ. ಮೂತಿಯ ಸುರುಳಿಗೆ ಬ್ರಿಕ್‌ಗಳ ಬದಲು, ಬಾಗುವ ಕೊಳವೆಯೊಂದಕ್ಕೆ ನಡುವೆ ರಂಧ್ರವಿರುವ ಸಣ್ಣ ದುಂಡು ಪ್ಲೇಟ್‌ಗಳನ್ನು, ಅಂದರೆ ತೆಳು ಬ್ರಿಕ್‌ಗಳನ್ನು, ಪೋಣಿಸಿ ನೋಡಿ. ಕೆಳದವಡೆಯಲ್ಲಿ ಹಲ್ಲಿನ ಸಾಲು ಮತ್ತು ತೆಳುವಾದ ಪ್ಲೇಟ್ ಬಿಟ್ಟು ಉಳಿದದ್ದನ್ನು ತೆಗೆದುಹಾಕಬಹುದು. ತೆರೆದ ಬಾಯಿಯ ಒಳಗನ್ನು ಯಾರೂ ಬಗ್ಗಿ ನೋಡುವುದಿಲ್ಲ. ಮಕ್ಕಳು ನೋಡುತ್ತಾರೆ, ಅದು ಬೇರೆ ಮಾತು.

ಕತ್ತಿನ ಭಂಗಿಗೂ ಅದೇ ಗೋಡೆಯನ್ನು ನೋಡಬಹುದು. ಅಲ್ಲಿ ಮಕರಗಳ ಸಾಲಿನ ಮೇಲೆಯೇ ಹಂಸಗಳ ಸಾಲಿದೆ. ಹಂಸದ ಕತ್ತು ಮುಂದಕ್ಕೆ ಚಾಚಿಕೊಳ್ಳದೆ, ಎದೆಯಿಂದ ಮೇಲೆದ್ದು, ಹಿಂದಕ್ಕೆ ವಾಲಿ, ಆಮೇಲೆ ತಲೆಯನ್ನು ಎದೆಯ ನೇರಕ್ಕೆ ತರುತ್ತದೆ. ತಮ್ಮ ಕತ್ತಿನ ನಡುಭಾಗವನ್ನು ಹೀಗೆ ಹಿಂದಕ್ಕೆ ವಾಲಿಸಿದರೆ ಉದ್ದ 28 ಸೆಂ.ಮೀ. ಆಗಿಯೇ ಉಳಿದರೂ ಅಡ್ಡ ಅಂತರ ಬಹಳ ಕಡಿಮೆಯಾಗುತ್ತದೆ. ಪಾಶ್ಚಾತ್ಯ ಡ್ರ್ಯಾಗನ್ನಿನ ಚಾಚಿದ ಕತ್ತಿಗಿಂತ ಮಕರದ ತಲೆಗೆ ಈ ಭಂಗಿಯೇ ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ.

ತಂತ್ರಾಂಶದಲ್ಲಿ ನಿಂತದ್ದು ಮನೆಯಲ್ಲಿ ಏಕೆ ನಿಲ್ಲಲಿಲ್ಲ ಎಂಬುದಕ್ಕೂ ಒಂದು ಮಾತು ಹೇಳಬೇಕು. ಸ್ಟುಡಿಯೊದಲ್ಲಿ ಕೀಲನ್ನು ಯಾವ ಕೋನಕ್ಕೆ ತಿರುಗಿಸಿದರೂ ಅಲ್ಲಿಯೇ ನಿಲ್ಲುತ್ತದೆ. ಕೂಡಿಕೊಳ್ಳದೆ ಉಳಿದ ತುಣುಕುಗಳನ್ನೂ ಒಂದರೊಳಗೊಂದು ನುಗ್ಗಿದ ತುಣುಕುಗಳನ್ನೂ ಅದು ಹಿಡಿದು ತೋರಿಸಬಲ್ಲದು, ಆದರೆ ಭಾರಕ್ಕೆ ಕೀಲು ಜಾರುವುದನ್ನು ತೋರಿಸುವುದಿಲ್ಲ. ಬಿಡಿ ತುಣುಕುಗಳನ್ನು ಮಾರುವ ಬ್ರಿಕ್‌ಲಿಂಕ್ ಜಾಲತಾಣದ ಪಟ್ಟಿಯಲ್ಲಿ ಬಹುತೇಕ ತುಣುಕುಗಳ ತೂಕ ಗ್ರಾಂನಲ್ಲಿ ನಮೂದಾಗಿರುತ್ತದೆ. ಕೊಳ್ಳುವ ಮೊದಲೇ ತಲೆಯ ತುಣುಕುಗಳ ತೂಕವನ್ನು ಕೂಡಿ ನೋಡುವ ಅಭ್ಯಾಸ ಒಳ್ಳೆಯದು.

ಹದಿನೈದು ತೂತು, ಹಾಸನ

ಹಂಸದ ಕತ್ತಿನ ಸಲಹೆ ನನ್ನ ತ್ರಿಭುಜಕ್ಕಿಂತ ಹೆಚ್ಚಿನ ಕೆಲಸ ಮಾಡುತ್ತದೆ. ತಲೆಯನ್ನು 70 ಗ್ರಾಂಗೆ, ಅಡ್ಡ ಅಂತರವನ್ನು 14 ಸೆಂಟಿಮೀಟರಿಗೆ ಇಳಿಸಿದರೆ 980. ಕತ್ತು 80 ಗ್ರಾಂ, ಅದರ ನಡುತೂಕ 5 ಸೆಂ.ಮೀ. ದೂರದಲ್ಲಿದೆ ಎಂದುಕೊಂಡರೆ 400, ಒಟ್ಟು 1380. ಹಳೆಯ 3410ರ ಐದರಲ್ಲಿ ಎರಡು ಪಾಲಷ್ಟೇ ಉಳಿಯುತ್ತದೆ.

ಪಕ್ಕೆಯ ಸಂದಿನ ಲೆಕ್ಕ ಸುಲಭ. ಸ್ಟಡ್‌ನಿಂದ ಸ್ಟಡ್‌ಗೆ 8 ಮಿ.ಮೀ., ಬ್ರಿಕ್ಕಿನ ಎತ್ತರ 9.6 ಮಿ.ಮೀ., ಪ್ಲೇಟಿನ ಎತ್ತರ 3.2 ಮಿ.ಮೀ. ಆದ್ದರಿಂದ ಸ್ಟಡ್ ಪಕ್ಕಕ್ಕೆ ಮುಖಮಾಡುವಂತೆ ಅಡ್ಡಲಾಗಿ ಕಟ್ಟಿದಾಗ ಎರಡು ಸ್ಟಡ್‌ಗಳ ಅಗಲಕ್ಕೆ ಸರಿಯಾಗಿ ಐದು ಪ್ಲೇಟ್‌ಗಳು ಕೂರುತ್ತವೆ, ನಾಲ್ಕಕ್ಕೆ ಹತ್ತು, ಆರಕ್ಕೆ ಹದಿನೈದು. ಮೂರು ಸ್ಟಡ್ ಎಂದರೆ 24 ಮಿ.ಮೀ., ಅದು ಏಳೂವರೆ ಪ್ಲೇಟ್. ಅರ್ಧ ಪ್ಲೇಟಿನ, ಅಂದರೆ 1.6 ಮಿ.ಮೀ. ಸಂದು ಉಳಿದೇ ಉಳಿಯುತ್ತದೆ. ತಮ್ಮ ಪಕ್ಕೆಯ ಚೌಕಟ್ಟಿನ ಅಗಲ ಬೆಸ ಸಂಖ್ಯೆಯಲ್ಲಿರಬೇಕೆಂದು ಊಹಿಸುತ್ತೇನೆ. ಅಗಲವನ್ನು ಸಮ ಸಂಖ್ಯೆಗೆ ತನ್ನಿ. ಸಾಧ್ಯವಾಗದಿದ್ದರೆ L ಆಕಾರದ ಬ್ರಾಕೆಟ್ ತುಣುಕನ್ನು ಬಳಸಿ. ಬ್ರಾಕೆಟ್ಟಿನ ನಿಂತಿರುವ ಹಾಳೆಯ ದಪ್ಪ ಸರಿಯಾಗಿ ಅರ್ಧ ಪ್ಲೇಟ್ ಇರುವುದರಿಂದ ಆ ಸಂದು ಮುಚ್ಚಿಹೋಗುತ್ತದೆ.

ಸೂಜಿದಾರ, ಸಕಲೇಶಪುರ

ರೆಕ್ಕೆಯ ಬಗ್ಗೆ ಯಾರೂ ಹೆಚ್ಚು ಮಾತಾಡಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. 95 ಗ್ರಾಂ ತೂಗುತ್ತಿದೆಯೆಂದರೆ ಪೊರೆಯನ್ನೂ ಪ್ಲೇಟ್‌ಗಳಿಂದಲೇ ತುಂಬಿದ್ದೀರಿ ಎಂದಾಯಿತು. ಬೆರಳುಮೂಳೆಗಳನ್ನು ಮಾತ್ರ ಬ್ರಿಕ್‌ನಲ್ಲಿ ಉಳಿಸಿಕೊಂಡು ಪೊರೆಗೆ ಬಟ್ಟೆ ಹಾಕಿ. ಬಟ್ಟೆ ಹಾಕಿದರೆ ಶುದ್ಧ ಬ್ರಿಕ್ ಮಾದರಿಯಾಗುವುದಿಲ್ಲವೆಂದು ಕೆಲವರು ಮೂಗು ಮುರಿಯುತ್ತಾರೆ. ಪೆಟ್ಟಿಗೆಯಲ್ಲಿ ಬರುವ ಹಡಗುಗಳ ಹಾಯಿಯೂ ಬೊಂಬೆಗಳ ಮೇಲಂಗಿಯೂ ಬಟ್ಟೆಯವೇ ಆಗಿರುವಾಗ ಆ ಆಕ್ಷೇಪಕ್ಕೆ ನಾನು ಬೆಲೆ ಕೊಡುವುದಿಲ್ಲ.

ಮನೆಯಲ್ಲಿ ಉಳಿದಿರುವ ತೆಳುವಾದ ಹತ್ತಿಯ ರವಿಕೆ ಕಣ ಸಾಕು. ಕತ್ತರಿಸುವ ಮೊದಲೇ ಬಿಳಿ ಫೆವಿಕಾಲನ್ನು ನೀರಿನಲ್ಲಿ ತೆಳ್ಳಗೆ ಕಲಸಿ ಬಟ್ಟೆಗೆ ಸವರಿ, ಬಿಗಿಯಾಗಿ ಹರಡಿ ಒಣಗಿಸಿ. ಬಟ್ಟೆಗೆ ಕಾಗದದ ಗಡಸುತನ ಬರುತ್ತದೆ, ಕತ್ತರಿಸಿದ ಅಂಚಿನಿಂದ ನೂಲು ಬಿಚ್ಚುವುದಿಲ್ಲ. ಉದ್ದನೆಯ ಬೆರಳುಮೂಳೆಯ ದಿಕ್ಕಿಗೆ ನೂಲಿನ ನೇರ ಬರುವಂತೆ ಕತ್ತರಿಸಬೇಕು. ಕ್ರಾಸ್ ಕಟ್ ಮಾಡಿದರೆ ಬಟ್ಟೆ ಹಿಗ್ಗಿ ಜೋಲುತ್ತದೆ. ಪಿನ್ ತೂರುವ ರಂಧ್ರಗಳನ್ನು ಕಚೇರಿಯ ಕಾಗದದ ಪಂಚ್‌ನಿಂದ ಮಾಡಬೇಡಿ. ಅದರ ರಂಧ್ರ ಸುಮಾರು 6 ಮಿ.ಮೀ. ಇರುತ್ತದೆ, ಪಿನ್ನಿನ ದಪ್ಪ 5 ಮಿ.ಮೀ.ಗಿಂತ ತುಸು ಕಡಿಮೆ. ಚರ್ಮದ ಕೆಲಸ ಮಾಡುವವರಲ್ಲಿ 5 ಮಿ.ಮೀ. ಪಂಚ್ ಇರುತ್ತದೆ, ಅವರನ್ನೇ ಕೇಳಿ ಹಾಕಿಸಿಕೊಳ್ಳಬಹುದು.

ಬುಡಕ್ಕೆ ಉಬ್ಬುಗೆರೆಯ ಪಿನ್ ಹಾಕುವುದರ ಜೊತೆಗೆ ಎರಡೂ ರೆಕ್ಕೆಗಳ ಬುಡವನ್ನು ದೇಹದೊಳಗೆ ಅಡ್ಡಲಾಗಿ ಹಾದುಹೋಗುವ ಒಂದೇ ತೊಲೆಗೆ ಕೂಡಿಸಿ. ಎಡರೆಕ್ಕೆಯ ಎಳೆತವನ್ನು ಬಲರೆಕ್ಕೆಯ ಎಳೆತ ಸರಿದೂಗಿಸುತ್ತದೆ, ಬೆನ್ನಿನ ಬ್ರಿಕ್‌ಗಳು ಕಿತ್ತುಬರುವುದಿಲ್ಲ. ರೆಕ್ಕೆಗಳನ್ನು ನೆಲಕ್ಕೆ ಸಮನಾಗಿ ಹರಡುವ ಬದಲು 60 ಡಿಗ್ರಿ ಮೇಲೆತ್ತಿದರೆ ಅಡ್ಡ ಅಂತರ ಅರ್ಧಕ್ಕೆ ಇಳಿಯುತ್ತದೆ, 30 ಸೆಂ.ಮೀ. ಅಗಲದ ಮೆಟ್ಟಿಲಿಗೂ ಅದೇ ಅನುಕೂಲ.

ಗಿರಿತಪ್ಪಲು, ಚಿಕ್ಕಮಗಳೂರು

ಎಲ್ಲರಿಗೂ ಕೃತಜ್ಞತೆಗಳು. ಹೇಳಿದಂತೆಯೇ ಬಿಚ್ಚಿ ಕಟ್ಟಿದ್ದೇನೆ. ಮೂತಿಯನ್ನು ಕೊಳವೆಯ ಮೇಲೆ ಪೋಣಿಸಿ, ಕೆಳದವಡೆಯನ್ನು ಟೊಳ್ಳು ಮಾಡಿದ ಮೇಲೆ ತಲೆ 72 ಗ್ರಾಂಗೆ ಬಂದಿದೆ. ಬುಡದಲ್ಲಿ ಜೋಡಿ ತ್ರಿಭುಜವಿದೆ, ನಡುಭಾಗ ಹಿಂದಕ್ಕೆ ವಾಲಿದೆ, ಕತ್ತು ಬೆಳಿಗ್ಗೆಯೂ ನಿಲ್ಲಿಸಿದಲ್ಲಿಯೇ ಇರುತ್ತದೆ. ಹದಿನೈದು ತೂತು ಅವರು ಊಹಿಸಿದಂತೆ ಪಕ್ಕೆಯ ಚೌಕಟ್ಟು ಐದು ಸ್ಟಡ್ ಅಗಲವಿತ್ತು. ಅದನ್ನು ಆರಕ್ಕೆ ಹಿಗ್ಗಿಸಿದೆ, ಸಂದು ಹೋಯಿತು. ಬಟ್ಟೆಯ ರೆಕ್ಕೆ ತಲಾ 50 ಗ್ರಾಂ ತೂಗುತ್ತದೆ, ಎತ್ತಿದಂತೆ ನಿಲ್ಲುತ್ತದೆ.

ಈಗ ಹೊಸ ಎರಡು ಪ್ರಶ್ನೆಗಳಿವೆ. ಇಡೀ ಡ್ರ್ಯಾಗನ್ ಮುಂದಕ್ಕೆ ವಾಲುತ್ತಿದ್ದು, ಪಕ್ಕದಲ್ಲಿ ಯಾರಾದರೂ ಜೋರಾಗಿ ನಡೆದರೂ ಮೂಗು ಮುಗ್ಗರಿಸುವಂತಿದೆ. ಬಾಲದ ತುದಿಗೆ ಭಾರ ಕಟ್ಟಬಹುದೇ? ಎರಡನೆಯದಾಗಿ, ಹಿಡಿಕೆ ತಿರುಗಿಸಿದರೆ ತಲೆ ಏಳಬೇಕು, ಇಳಿಯಬೇಕು ಎಂದು ಮಗಳು ಕೇಳುತ್ತಿದ್ದಾಳೆ. ಇಷ್ಟು ಕಷ್ಟಪಟ್ಟು ನಿಲ್ಲಿಸಿದ ಕತ್ತನ್ನು ಮತ್ತೆ ಅಲುಗಾಡಿಸುವ ಧೈರ್ಯ ನನಗಿಲ್ಲ, ಆದರೂ ಕೇಳುತ್ತಿದ್ದೇನೆ.

ಬಳಪದ ಕಲ್ಲು, ಬೇಲೂರು

ಬಾಲದ ತುದಿಗೆ ಭಾರ ಕಟ್ಟಬೇಡಿ. ಮುಂದಿನ ಕತ್ತಿಗೆ ಬಂದಿದ್ದ ತೊಂದರೆ ಆಗ ಹಿಂದಿನ ಬಾಲಕ್ಕೆ ಬರುತ್ತದೆ. ನಾಲ್ಕು ಪಾದಗಳ ಹೊರ ಅಂಚುಗಳನ್ನು ಮನಸ್ಸಿನಲ್ಲಿ ಗೆರೆಯಿಂದ ಕೂಡಿಸಿ; ಇಡೀ ಮಾದರಿಯ ಗುರುತ್ವಕೇಂದ್ರದಿಂದ ಇಳಿಬಿಟ್ಟ ತೂಗುದಾರ ಆ ಗೆರೆಯ ಒಳಗೆ, ಅಂಚಿನಿಂದ ಸಾಕಷ್ಟು ದೂರ ಬೀಳಬೇಕು. ಮುಂಗಾಲುಗಳನ್ನು ಎರಡು ಸ್ಟಡ್‌ಗಳಷ್ಟು ಮುಂದಕ್ಕಿಡುವುದು ಎಲ್ಲಕ್ಕಿಂತ ಅಗ್ಗದ ಉಪಾಯ. ಅದು ಸಾಲದಿದ್ದರೆ ಭಾರವನ್ನು ಹಿಂಗಾಲುಗಳ ನಡುವೆ, ಹೊಟ್ಟೆಯ ತಳದಲ್ಲಿ ಇಡಿ. ಅಲ್ಲಿ ಒಂದು ಗೂಡು ಬಿಟ್ಟು ಕಬ್ಬಿಣದ ನಟ್‌ಗಳನ್ನು ಬಟ್ಟೆಯಲ್ಲಿ ಸುತ್ತಿ ತುಂಬಿದರೂ ನಡೆಯುತ್ತದೆ.

ಮೆಟ್ಟಿಲಿನ ಮೇಲೆ ಮಾದರಿಯನ್ನು ಜನರ ಕಡೆಗೆ ಮುಖಮಾಡಿ ಇಡುವ ಬದಲು ಮೆಟ್ಟಿಲಿನ ಉದ್ದಕ್ಕೆ ನಿಲ್ಲಿಸಿ, ತಲೆಯನ್ನು ಮಾತ್ರ ಇತ್ತ ತಿರುಗಿಸಿ. ತಲೆ ವಾಲಿದರೂ ಮೆಟ್ಟಿಲಿನ ಮೇಲೆಯೇ ವಾಲುತ್ತದೆ.

ಹದಿನೈದು ತೂತು, ಹಾಸನ

ಮಗುವಿನ ಬೇಡಿಕೆಗೆ ವರ್ಮ್ ಗೇರ್ ಇದೆ. ತಿರುಪಿನ ಆಕಾರದ ಆ ಗೇರನ್ನು ಹಿಡಿಕೆಯ ಆಕ್ಸಲ್ಲಿಗೂ 24 ಹಲ್ಲಿನ ಗೇರನ್ನು ಕತ್ತಿನ ಆಕ್ಸಲ್ಲಿಗೂ ಹಾಕಿ. ಹಿಡಿಕೆ 24 ಸುತ್ತು ತಿರುಗಿದಾಗ ಕತ್ತಿನ ಆಕ್ಸಲ್ ಒಂದು ಸುತ್ತು ತಿರುಗುತ್ತದೆ, ಅಂದರೆ ಹಿಡಿಕೆಯ ಒಂದು ಸುತ್ತಿಗೆ ಕತ್ತು 15 ಡಿಗ್ರಿ ಏಳುತ್ತದೆ. ವರ್ಮ್ ಗೇರಿನ ಗುಣವೆಂದರೆ ಹಿಡಿಕೆ ಕತ್ತನ್ನು ತಿರುಗಿಸಬಲ್ಲದು, ಕತ್ತಿನ ಭಾರ ಹಿಡಿಕೆಯನ್ನು ತಿರುಗಿಸಲಾರದು. ಆದ್ದರಿಂದ ಎಲ್ಲಿ ಕೈಬಿಟ್ಟರೂ ತಲೆ ಅಲ್ಲಿಯೇ ನಿಲ್ಲುತ್ತದೆ. ಬುಡದ ತ್ರಿಭುಜವನ್ನು ಮುಟ್ಟಬೇಡಿ. ಅದರ ತುದಿಯಲ್ಲಿರುವ, ನಡುಭಾಗದ ಮೊದಲ ಹಿಂಜ್ ಇರುವ ಜಾಗದಲ್ಲಿ ಈ ಗೇರುಗಳನ್ನು ಕೂರಿಸಿ, ಹಿಡಿಕೆಯ ಆಕ್ಸಲ್ಲನ್ನು ತ್ರಿಭುಜದ ನಡುವಿನಿಂದ ಬೆನ್ನಿನ ಕಡೆಗೆ ಹೊರತನ್ನಿ.

ಒಂದು ಎಚ್ಚರಿಕೆ ಇದೆ. ವರ್ಮ್ ಗೇರು ಆಕ್ಸಲ್ಲಿನ ಮೇಲೆ ಹಿಂದೆ ಮುಂದೆ ಜಾರುವಂಥದ್ದು. ಎರಡೂ ಬದಿಗೆ ಬುಷ್ ಎಂಬ ಬಿಗಿಯುಂಗುರ ಹಾಕಿ ಬಿಗಿಯದಿದ್ದರೆ ಅದು ಜಾರಿದಷ್ಟೂ ತಲೆ ತೂಗಾಡುತ್ತದೆ, ಗೇರಿನ ಹಲ್ಲುಗಳೂ ಹಾರುತ್ತವೆ. ಆಕ್ಸಲ್ಲನ್ನು ಎರಡೂ ಕೊನೆಯಲ್ಲಿ ತೋಳಿನ ರಂಧ್ರಗಳು ಹಿಡಿದಿರಬೇಕು. ಒಂದೇ ಕಡೆ ಹಿಡಿದು ಬಿಟ್ಟ ಆಕ್ಸಲ್ ಹೊರೆಗೆ ಬಾಗಿ ಗೇರುಗಳನ್ನು ದೂರ ತಳ್ಳುತ್ತದೆ.

ಗಿರಿತಪ್ಪಲು, ಚಿಕ್ಕಮಗಳೂರು

ವರ್ಮ್ ಗೇರ್ ನನ್ನಲ್ಲಿಲ್ಲ, ತರಿಸಬೇಕು. ಹೊರದೇಶದ ಅಂಗಡಿಯಿಂದ ತರಿಸುವುದು ಲೇಸೋ, ಇಲ್ಲಿಯೇ ಹುಡುಕುವುದು ಲೇಸೋ? ಇನ್ನೂ ಒಂದು ಸಂಗತಿ: ಮಳೆಗಾಲದಲ್ಲಿ ಅಟ್ಟದ ಮೇಲಿದ್ದ ಬಾಲ್ ಜಾಯಿಂಟ್‌ಗಳಲ್ಲಿ ಕೆಲವು ಜಿಗುಟಾಗಿವೆ, ಕೆಲವು ಸಡಿಲವಾಗಿವೆ. ತೊಳೆಯಬಹುದೇ?

ಹದಿನೈದು ತೂತು, ಹಾಸನ

ಬಿಡಿ ಗೇರಿಗಾಗಿ ಹೊರದೇಶದಿಂದ ತರಿಸಬೇಡಿ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ 20ರಿಂದ ಶೇ 60ಕ್ಕೂ, 2023ರಲ್ಲಿ ಶೇ 70ಕ್ಕೂ ಏರಿರುವುದರಿಂದ, ಸಾಗಣೆಯ ವೆಚ್ಚವೂ ಸೇರಿದರೆ ಗೇರಿಗಿಂತ ಅದರ ಪ್ರಯಾಣವೇ ದುಬಾರಿಯಾಗುತ್ತದೆ. ಬೆಂಗಳೂರಿನಲ್ಲಿ ಬಿಡಿ ತುಣುಕು ಮಾರುವ ಹವ್ಯಾಸಿಗಳನ್ನು ವಿಚಾರಿಸಿ, ಅಥವಾ ರೊಬಾಟ್ ತರಗತಿ ನಡೆಸುವ ಶಾಲೆಗಳಲ್ಲಿ ಹಳೆಯ ಟೆಕ್ನಿಕ್ ಪೆಟ್ಟಿಗೆಗಳಿದ್ದರೆ ಕೇಳಿ ನೋಡಿ.

ಜಾಯಿಂಟ್‌ಗಳನ್ನು ತೊಳೆಯಬಹುದು. ನೀರು 40 ಡಿಗ್ರಿಗಿಂತ ಬಿಸಿ ಇರಬಾರದು. ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ನೆನೆಸಿ, ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ಬಟ್ಟಲಿನ ಒಳಗನ್ನು ಉಜ್ಜಿ, ನೆರಳಿನಲ್ಲಿ ಫ್ಯಾನಿನ ಕೆಳಗೆ ಒಣಗಿಸಿ. ಒಲೆಯ ಪಕ್ಕವೂ ಬೇಡ, ತಾರಸಿಯ ಬಿಸಿಲೂ ಬೇಡ. ಜಿಗುಟು ಹೋಗಲೆಂದು ಎಣ್ಣೆ ಹಾಕಬೇಡಿ, ಘರ್ಷಣೆಯೇ ನಿಮಗೆ ಬೇಕಾಗಿರುವುದು. ಸಡಿಲವಾದವುಗಳಲ್ಲಿ ಕೆಲವರು ಗುಂಡಿನ ಮೇಲೆ ತೆಳು ಪ್ಲಾಸ್ಟಿಕ್ ಹಾಳೆಯಿಟ್ಟು ಒತ್ತುತ್ತಾರೆ. ಹಿಡಿತ ಬರುವುದು ನಿಜ, ಆದರೆ ಬಟ್ಟಲಿನ ಬಾಯಿ ಸದಾ ಹಿಗ್ಗಿಕೊಂಡೇ ಇದ್ದು ಮುಂದೊಂದು ದಿನ ಸೀಳುತ್ತದೆ. ಅದರ ಬದಲು ಸಡಿಲವಾದವನ್ನು ಬಾಲದ ತುದಿಗೆ ಹಾಕಿ, ಬಾಲದಲ್ಲಿರುವ ಬಿಗಿಯಾದವನ್ನು ಕತ್ತಿಗೆ ತನ್ನಿ. ಬಟ್ಟಲಿನ ಅಂಚಿನಲ್ಲಿ ಬಿಳಿ ಗೆರೆ ಮೂಡಿದ್ದರೆ ಸೀಳು ಆಗಲೇ ಆರಂಭವಾಗಿದೆ ಎಂದು ತಿಳಿದು ಅದನ್ನು ತೆಗೆದಿಡಿ.